ಅಪ್ಪನ ಅಫೀಮು, ಅವ್ವನ ಗುಳಿಗೆ

ಹಿರೋಳ್ಳಿ
೧೨ ಫೆಬ್ರವರಿ ೧೯೯೪

ಡಾಕ್ಟರ್ ಸಾಹೇಬರಿಗೆ ಸುಭದ್ರಾಬಾಯಿಯ ಶರಣು.

ಎದೆಯ ಕ್ಯಾನ್ಸರಿನ ನೋವಿಗೆಂದು ನೀವು ಕೊಟ್ಟ ಮಾರ್ಫಿನ್ ಗುಳಿಗೆಯನ್ನು ನಮ್ಮವ್ವ ಎಂಟು ದಿನ ಮುಟ್ಟಲಿಲ್ಲ. ಅದು ಅಫೀಮಿನಿಂದ ಆಗುತ್ತದೆ ಎಂದು ಯಾರೋ ಹೇಳಿದ್ದರು. ನಮ್ಮಪ್ಪ ನಿಜಾಮರ ಕಾಲದಲ್ಲಿ ಅಫೀಮಿಗೆ ಬಿದ್ದು ಹೊಲ, ಎತ್ತು, ಕೊನೆಗೆ ಜೀವವನ್ನೂ ಕಳೆದುಕೊಂಡವನು. "ಆ ಮನಶ್ಯಾನ ಚಟಾ ನನಗ ಹಚ್ಚತಿಯೇನ ಬೇ?" ಎಂದು ಅವ್ವ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿದಳು.

ನೋವಿಗೆ ಅಳತೆಯಿಂದ ಕೊಟ್ಟರೆ ಅದು ಚಟವಲ್ಲ ಎಂಬ ನಿಮ್ಮ ಮಾತನ್ನು ಸೋಮವಾರ ನನ್ನ ರೀತಿಯಲ್ಲಿ ಹೇಳಿದೆ: "ಅಪ್ಪ ನಮ್ಮನ್ನ ಮರೀಲಾಕ ತಿಂತಿದ್ದ. ನೀ ನಮ್ಮ ಜೋಡಿ ಮಾತಾಡ್ಲಾಕ ತಗೋ." ಅವ್ವ ಈ ಕಡೆ ತಿರುಗಿ ಗುಳಿಗೆಗೆ ಬಾಯಿ ತೆರೆದಳು.

ನೋವು ಬರಲೆಂದು ಕಾಯದೆ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡುತ್ತಿದ್ದೇನೆ. ಎರಡು ದಿನ ಮಂಪರಿತ್ತು. ಈಗ ಎದ್ದು ಕೂತು ನನ್ನ ಕಿರಿಮಗಳ ತಲೆ ಬಾಚುತ್ತಾಳೆ. ಮಲಬದ್ಧತೆ ಮಾತ್ರ ಬಹಳ ಇದೆ, ಅದಕ್ಕೂ ಔಷಧ ಬೇಕು. ನೆರೆಮನೆಯ ಹಣಮವ್ವ ಸೊಂಟನೋವಿಗೆ ಒಂದು ಗುಳಿಗೆ ಕೇಳಿದಳು. ಕೊಡಲಿಲ್ಲ, ಸಿಟ್ಟಾಗಿದ್ದಾಳೆ. ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೇನೆ.

ಗುಳಿಗೆ ಗುರುವಾರದವರೆಗೆ ಸಾಲುತ್ತವೆ. ಹಳೆಯ ಚೀಟಿಯೊಂದಿಗೆ ನನ್ನ ಯಜಮಾನರು ನಾಗಣ್ಣನವರು ಬಂದಿದ್ದಾರೆ. ದಯವಿಟ್ಟು ಅವರ ಕೈಯಲ್ಲಿ ಕೊಟ್ಟು ಕಳಿಸಿ.

ಇನ್ನೊಂದು ಮಾತು. ಅಪ್ಪನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಅವ್ವ ನಿನ್ನೆ ತಾನಾಗಿಯೇ ಹೇಳಿದಳು: "ನಿಮ್ಮಪ್ಪಗೂ ಎಲ್ಲ್ಯರೆ ನೋವಿತ್ತೇನೋ. ನಾವ್ಯಾರೂ ಕೇಳಲೇ ಇಲ್ಲ."

ತಮ್ಮ ವಿಶ್ವಾಸಿ,
ಸುಭದ್ರಾಬಾಯಿ