ಒಂದೇ ವಿಮೆಯ ಇಬ್ಬರು

ಮಂಗಳವಾರ, ಮಾರ್ಚ್ ಹನ್ನೊಂದು

ನನ್ನ ಮಗಳ ತಂದೆಯವರಿಗೆ ನಮಸ್ಕಾರ.

ಬೇರೆ ಹೇಗೆ ಕರೆಯಬೇಕೋ ತೋಚಲಿಲ್ಲ. ಒಂದೇ ಸೂರಿನಡಿ ಇದ್ದಾಗ ‘ಏನೂಂದ್ರೆ’ ಎಂದರೆ ಸಾಕಿತ್ತು. ಕಾಗದದ ಮೇಲೆ ಅದನ್ನು ಬರೆಯಲಾದೀತೇ? ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೆ ಓದಿ.

ನಮ್ಮಿಬ್ಬರ ಹೆಸರಿನಲ್ಲಿರುವ ಆರೋಗ್ಯ ವಿಮೆಯನ್ನು ಬಿಟ್ಟು ಬೇರೆ ಬೇರೆ ಪ್ಲಾನಿಗೆ ಹೋಗೋಣ, ಸಹಿ ಹಾಕು ಎಂದು ಹೇಳಿಕಳಿಸಿದ್ದಿರಿ. ನಾನು ಹಾಕುವುದಿಲ್ಲ.

ಇದು ಹಟವಲ್ಲ. ಕೇಳಿದಾಗ ಮೊದಲು ನನಗೆ ಹಗುರವೇ ಆಯಿತು. ಮನೆ ಬೇರೆಯಾಗಿ ಒಂಬತ್ತು ವರ್ಷವಾದರೂ ಈ ಒಂದು ಕಾರ್ಡಿನಲ್ಲಿ ನಾವಿನ್ನೂ ಗಂಡ ಹೆಂಡತಿ. ಅರವತ್ತು ದಾಟಿದವರನ್ನು ಹೊಸದಾಗಿ ಯಾರು ಸೇರಿಸಿಕೊಳ್ಳುತ್ತಾರೆ ಎಂಬ ಭಯಕ್ಕೆ ಇಬ್ಬರೂ ಅದರ ತಂಟೆಗೆ ಹೋಗಿರಲಿಲ್ಲ. ಅಂತೂ ಆ ಗಂಟೂ ಬಿಚ್ಚಿತು ಅಂದುಕೊಂಡೆ.

ವಿಮೆಯ ಏಜೆಂಟ್, ನೀವು ‘ಬೆಲ್ಲದ ಬಾಯಿ’ ಎಂದು ಹೆಸರಿಟ್ಟವನು, ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೇ ಬಂದಿದ್ದ. ಶಾಲೆಯ ಸಮವಸ್ತ್ರಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ ಕೂತ. ‘ನಿಮ್ಗೆ ಲಾಭಾನೇ ಅಮ್ಮಾ. ಈಗಿರೋದ್ರಲ್ಲಿ ಒಂದೇ ಮೊತ್ತ, ಇಬ್ರೂ ಹಂಚ್ಕೋಬೇಕು. ಹೊಸದ್ರಲ್ಲಿ ಇಡೀ ಮೊತ್ತ ನಿಮ್ಮೊಬ್ರಿಗೇ. ಕಂತೂ ಯಜಮಾನ್ರೇ ಕಟ್ತಾರಂತೆ’ ಎಂದ. ಹಾಗಾದರೆ ನಿಮ್ಮ ಗತಿ ಏನು ಎಂದು ಅವನನ್ನು ಕೇಳಿದೆ. ‘ಅವ್ರು ಅಗ್ಗದ್ದು ಸಾಕು ಅಂದ್ರು. ಅದ್ರಲ್ಲಿ ಹಳೇ ಕಾಯಿಲೆಗೆಲ್ಲ ಮೂರು ವರ್ಷ ಕಾಯ್ಬೇಕು. ಅವ್ರಿಗೇನಾಗಿದೆ, ಕಲ್ಲುಗುಂಡಿನ ಹಾಗಿದಾರೆ’ ಎಂದು ನಕ್ಕ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ನೀವು ನನ್ನ ಕಂತು ಕಟ್ಟುತ್ತೀರಿ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಕಳೆದ ಶುಕ್ರವಾರ ಆಸ್ಪತ್ರೆಯಿಂದ ಫೋನು ಬಂತು. ಕಾರ್ಡಿಗೆ ಕೊಟ್ಟಿರುವುದು ನನ್ನ ನಂಬರಲ್ಲವೇ. ‘ನಿಮ್ಮ ಯಜಮಾನ್ರು ಎರಡು ಸಲ ದಿನ ಕೊಟ್ರೂ ಬರ್ಲಿಲ್ಲ, ಯಾಕಮ್ಮ?’ ಎಂದು ಹುಡುಗಿಯೊಬ್ಬಳು ಕೇಳಿದಳು. ಏನೂ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ‘ನಾನೇ ಬರ್ತೀನಿ’ ಎಂದುಬಿಟ್ಟೆ.

ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು. ಗೋಡೆಯ ಮೇಲಿದ್ದ ಗಂಟಲಿನ ಚಿತ್ರವನ್ನು ಪೆನ್ನಿನಿಂದ ತೋರಿಸಿ, ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದರು. ಅದನ್ನು ಪೂರ್ತಿ ತೆಗೆಯಬೇಕಂತೆ. ಆಮೇಲೆ ಮಾತು ಬರುವುದಿಲ್ಲವಂತೆ. ‘ಅವರಿಗೆ ಜನವರಿಯಲ್ಲೇ ಎಲ್ಲಾ ಹೇಳಿದೀನಲ್ಲ, ಮನೇಲಿ ಹೇಳ್ಲಿಲ್ವಾ?’ ಎಂದು ಕೇಳಿದರು. ನಾನು ತಬ್ಬಿಬ್ಬಾಗಿ, ನೀವು ಮೂರು ವರ್ಷ ಕಾಯುವ ಪ್ಲಾನಿಗೆ ಹೋಗುತ್ತಿದ್ದೀರಿ ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಮೂರು ವರ್ಷದ ಮಾತು ಆಡ್ಬೇಡಿ ಅಮ್ಮಾ. ಮೂರು ತಿಂಗ್ಳು ತಡ ಆದ್ರೂ ನನ್ನ ಕೈಲಿ ಏನೂ ಇರೋದಿಲ್ಲ.’

ನೀವು ಅವರನ್ನು ಕೇಳಿದ ಪ್ರಶ್ನೆಯನ್ನೂ ಹೇಳಿದರು. ‘ಇರೋ ದುಡ್ಡನ್ನೆಲ್ಲ ನಾನೇ ತಿಂದು ಮುಗಿಸಿದ್ರೆ ಅವಳಿಗೇನು ಉಳಿಯುತ್ತೆ?’ ಎಂದಿರಂತೆ. ‘ಅವಳು’ ಎಂದರೆ ಮಗಳಿರಬೇಕು ಎಂದುಕೊಂಡಿದ್ದರಂತೆ ಡಾಕ್ಟರಮ್ಮ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಈ ಉಪಕಾರ ಮಾಡಿ ಎಂದು ನಿಮ್ಮನ್ನು ಕೇಳಿದವರಾರು? ಜೊತೆಗಿದ್ದಷ್ಟು ಕಾಲ ಒಂದು ದಿನವಾದರೂ ಊಟ ಆಯಿತಾ ಎಂದು ಕೇಳದವರು, ಈಗ ನನಗೋಸ್ಕರ ಸದ್ದಿಲ್ಲದೆ ಸಾಯಲು ಹೊರಟಿದ್ದೀರಾ? ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಗಂಟಲು ನಿಮ್ಮದು. ಮನೆಗೆ ಬಂದರೂ ಅದೇ ಕೂಗು. ಆ ಕೂಗಿಗೆ ಬೇಸತ್ತೇ ನಾನು ಹೊರಟುಬಂದದ್ದು. ಅದು ನಿಲ್ಲಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಹೀಗೆ ನಿಲ್ಲಲಿ ಎಂದು ಬೇಡಿರಲಿಲ್ಲ.

ಹೊಸ ಪ್ಲಾನಿನ ಅರ್ಜಿಯನ್ನು ಏಜೆಂಟನ ಎದುರಿಗೇ ಹರಿದುಹಾಕಿದ್ದೇನೆ. ಹಳೆಯ ವಿಮೆ ಇದ್ದ ಹಾಗೇ ಇರುತ್ತದೆ. ಅದರ ಮೊತ್ತವೆಲ್ಲ ನಿಮಗೇ ಖರ್ಚಾದರೆ ಆಗಲಿ. ನನ್ನ ಮಂಡಿ ನೋವು ನನ್ನ ಜೊತೆ ಹೊಂದಿಕೊಂಡಿದೆ, ನಿಮಗಿಂತ ಚೆನ್ನಾಗಿ.

ಆಪರೇಷನ್ನಿಗೆ ಇಪ್ಪತ್ತನೇ ತಾರೀಖು, ಗುರುವಾರ ಎಂದು ಗೊತ್ತುಮಾಡಿಸಿದ್ದೇನೆ. ಮನೆಯವರೊಬ್ಬರು ಇರಬೇಕಂತೆ. ನಾನಿರುತ್ತೇನೆ. ಮತ್ತೆ ಸಂಸಾರ ಹೂಡಲು ಅಲ್ಲ, ತಪ್ಪು ತಿಳಿಯಬೇಡಿ. ಮಗಳಿಗೆ ಇನ್ನೂ ತಿಳಿಸಿಲ್ಲ. ಅವಳಿಗೆ ನೀವೇ ಹೇಳಬೇಕು, ಹೇಳಲು ದನಿ ಇರುವಾಗಲೇ.

ಇಂತಿ,
ಕಾರ್ಡಿನಲ್ಲಿ ನಿಮ್ಮ ಹೆಸರಿನ ಕೆಳಗಿರುವವಳು

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಅರ್ಜಿ ಹರಿದೆ ಎಂದದ್ದು ಸುಳ್ಳು. ಆಸ್ಪತ್ರೆಯಿಂದ ಫೋನು ಬರುವ ಮೊದಲೇ ಅದಕ್ಕೆ ಸಹಿ ಹಾಕಿ ಏಜೆಂಟನಿಗೆ ಕೊಟ್ಟಾಗಿತ್ತು. ಡಾಕ್ಟರಮ್ಮನ ಹತ್ತಿರ ಎಲ್ಲ ಕೇಳಿಕೊಂಡು ಬಂದ ಮೇಲೂ ವಾಪಸ್ ಪಡೆಯಲಿಲ್ಲ. ಶನಿವಾರ ಪಡೆಯಬಹುದಿತ್ತು, ನಿನ್ನೆ ಬೆಳಿಗ್ಗೆಯೂ ಪಡೆಯಬಹುದಿತ್ತು. ನಿನ್ನೆ ಸಂಜೆ ಏಜೆಂಟ್ ಬಂದು, ‘ನಿಮ್ಮ ಸಕ್ಕರೆ ಕಾಯಿಲೆ ನೋಡಿ ಕಂಪನಿಯವ್ರು ಬೇಡ ಅಂದ್ಬಿಟ್ರು ಅಮ್ಮಾ’ ಎಂದ. ಅವರು ನನ್ನನ್ನು ಸೇರಿಸಿಕೊಂಡಿದ್ದರೆ ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ, ಬೆಳಗಿನಿಂದ ಯೋಚಿಸುತ್ತಿದ್ದೇನೆ. ಗೊತ್ತಾಗುತ್ತಿಲ್ಲ. ಆದರೂ ಬನ್ನಿ.