ಶವಪೆಟ್ಟಿಗೆಯಲ್ಲಿ ಪದ್ಮಾಸನ

ಅಳಿಯ ಹಾಲೇಶ,

ನಾನು ಜರ್ಮನಿಯಲ್ಲಿ ಕಾಲಿಟ್ಟ ದಿನ ಇಲ್ಲಿ ಸರ್ಕಾರಿ ರಜೆ ಕೊಟ್ಟಿದ್ದರು.

ನಿನ್ನೆ ರಾತ್ರಿ ಒಂದು ಕ್ಲಬ್ಬಿಗೆ ಹೋಗಿದ್ದೆ. ಎಲ್ಲರೂ ಕಪ್ಪು ಬಟ್ಟೆ ತೊಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡು ಶವಪೆಟ್ಟಿಗೆಗಳ ಸುತ್ತ ಕುಣಿಯುತ್ತಿದ್ದರು. ಪೆಟ್ಟಿಗೆಯೊಳಗೆ ಅರ್ಧ ಗಂಟೆ ಹೆಣದಂತೆ ಅಲುಗಾಡದೆ ಇದ್ದರೆ ಕಟ್ಟಿದ ಹಣಕ್ಕೆ ಎರಡರಷ್ಟು. ನಾನು ಪದ್ಮಾಸನ ಹಾಕಿ ಕುಳಿತೆ. ರೆಪ್ಪೆಯೂ ಅಲುಗಲಿಲ್ಲ. ಕೊನೆಗೆ ಆಟ ನಡೆಸುವವನು ಕೆನ್ನೆಗೆ ಕೈಯಿಟ್ಟು, ಮಲಗಬೇಕಿತ್ತೆಂದು ತೋರಿಸಿ ದುಡ್ಡು ಎತ್ತಿಕೊಂಡ.

“ಏನಪ್ಪ, ಹೊಳಲ್ಕೆರೆ ಕಡೆ ನಮ್ಮೋರು ಸತ್ರೆ ಕುಂದ್ರಿಸೇ ಮಣ್ಣು ಮಾಡಾದು” ಅಂದೆ. ಅವನಿಗೆ ಕನ್ನಡ ಬರುವುದಿಲ್ಲ.

ಮಂಡಿ ಹಿಡಿದುಕೊಂಡಿದೆ, ಉಳಿದಂತೆ ಆರೋಗ್ಯ. ನಿನ್ನ ಕೈಗಡಿಯಾರ ತರಲಾಗುವುದಿಲ್ಲ. ಅಕ್ಕನಿಗೆ ಓದಿ ಹೇಳುವಾಗ ಐವತ್ತು ಯೂರೋ ಹೋಯಿತು ಅನ್ನು.

ನಿನ್ನ ಸೋದರಮಾವ
ಪಂಚಾಕ್ಷರಪ್ಪ

ಹೋದದ್ದು ಗಡಿಯಾರಕ್ಕೆಂದು ನೀನು ಕೊಟ್ಟ ಇನ್ನೂರೂ.