ಮರಳಿ ಬಂದ ರಾಕೆಟ್ಟಿನ ತಗಡು

ಕಗ್ಗದಾಸಪುರ,
೩ ಅಕ್ಟೋಬರ್ ೨೦೨೫, ಶುಕ್ರವಾರ

ಮುದ್ದಿನ ಮಗಳು ಧನುಶ್ರೀಗೆ,

ಹೇಗಿದ್ದೀಯಮ್ಮಾ? ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೋ, ಹೆಚ್ಚಾಯಿತೋ? ಉಡಾವಣೆಯ ಜಾಗದಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರಂತೆ. ಹಾಗಾಗಿ ನಿನ್ನ ಜೊತೆ ಕೆಲಸ ಮಾಡುವ ಯಾಸಿರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಅಮ್ಮ ಚೆನ್ನಾಗಿದ್ದಾಳೆ, ಬೆಳಿಗ್ಗೆಯಿಂದ ಮಾತ್ರ ಸ್ವಲ್ಪ ಸಪ್ಪಗಿದ್ದಾಳೆ. ಕಾರಣ ಆಮೇಲೆ ಬರೆಯುತ್ತೇನೆ.

ಯಾಸಿರ್ ಶಿವಾಜಿನಗರದ ತನ್ನ ಮನೆಯಿಂದ ನೇರವಾಗಿ ಇಲ್ಲಿಗೆ ಬಂದು, ನೀನು ಹೇಳಿಕಳಿಸಿದ್ದನ್ನೆಲ್ಲ ಹೇಳಿದ. ಒಮ್ಮೆ ಹೋಗಿ ಇಳಿದು ಬಂದ ರಾಕೆಟ್ಟಿನ ಕೆಳಹಂತವನ್ನೇ ಮತ್ತೆ ಹಾರಿಸುತ್ತಾರಂತೆ. ಇಳಿಯುವಾಗ ಎಂಜಿನ್ನಿನ ಪಕ್ಕ ಎಲ್ಲೋ ಬಿಸಿ ಅನಿಲ ಒಳಗೆ ನುಗ್ಗಿದೆ, ಬಿಚ್ಚಿ ನೋಡದೆ ಹಾರಿಸಬೇಡಿ ಎಂದು ನೀನೊಬ್ಬಳೇ ಹಟ ಹಿಡಿದಿದ್ದೀಯಂತೆ. ಉಳಿದ ಭಾಗಗಳನ್ನೆಲ್ಲ ಆಗಲೇ ಒರೆಸಿ ಬಣ್ಣ ಬಳಿದಾಗಿದೆ. ಸೋಮವಾರದ ಸಭೆಗೆ ನಿನ್ನ ಮಾತಿಗೆ ಉಳಿದಿರುವ ಆಧಾರ ಒಂದೇ: ಅದು ಇಳಿದಾಗ ಎಂಜಿನ್ನಿನ ಪಕ್ಕದಿಂದ ತೆಗೆದು ನಿನಗೆ ನೆನಪಿಗೆಂದು ಕೊಟ್ಟಿದ್ದ, ನಮ್ಮ ಷೋಕೇಸಿನಲ್ಲಿಟ್ಟಿರುವ ತಗಡು. ಅದರ ಮೇಲಿನ ಮಸಿಯ ಗೆರೆ ಯಾವ ಕಡೆಗೆ ಓಡಿದೆ ಎಂಬುದರಿಂದ ಬಿಸಿ ಎಲ್ಲಿಂದ ಬಂತೆಂದು ತಿಳಿಯುತ್ತದಂತೆ.

ಇದರಲ್ಲಿ ನನಗೆ ಅರ್ಥವಾಗದ್ದೇ ಹೆಚ್ಚು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ರಾಕೆಟ್ಟಿನ ಅಷ್ಟು ಒಳ್ಳೆಯ ಲೋಹವನ್ನು ಸಮುದ್ರಕ್ಕೆ ಎಸೆಯುವುದು ಯಾವ ನ್ಯಾಯ ಎಂದು ಪತ್ರಿಕೆಗೆ ಬರೆದಿದ್ದೆ. ಅವರು ಅಚ್ಚು ಹಾಕಲಿಲ್ಲ. ಈಗ ನೀವು ವಾಪಸು ತರುತ್ತಿದ್ದೀರಿ, ಸಂತೋಷಪಡಬೇಕಾದ ನಾನು ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೇಲಿನ ಹಂತವನ್ನು ಕಕ್ಷೆಯ ದಾರಿಗೆ ಬಿಟ್ಟ ಮೇಲೆ ಕೆಳಹಂತ ಹೊರಳಿಕೊಂಡು ಬಾಲ ಕೆಳಗೆ ಮಾಡಿ ಬೀಳುತ್ತದೆ, ಜಾಲರಿಯಂಥ ರೆಕ್ಕೆಗಳಿಂದ ದಾರಿ ತಿದ್ದಿಕೊಳ್ಳುತ್ತದೆ, ಉಳಿಸಿಕೊಂಡ ಇಂಧನದಿಂದ ಎಂಜಿನ್ ಮತ್ತೆ ಹೊತ್ತಿಸಿ ವೇಗ ಇಳಿಸುತ್ತದೆ. ಇಲ್ಲಿಯವರೆಗೆ ಹೇಗೋ ತಲೆಗೆ ಹತ್ತಿತು. ನೆಲದಿಂದ ಸ್ವಲ್ಪ ಮೇಲೆ ನಿಂತು, ನೋಡಿಕೊಂಡು ಮೆಲ್ಲಗೆ ಇಳಿಯಬಾರದೇ ಎಂದು ಕೇಳಿದ್ದಕ್ಕೆ ನೀನು ನಕ್ಕಿದ್ದೆ. "ಖಾಲಿಯಾದ ರಾಕೆಟ್ ತುಂಬಾ ಹಗುರ ಅಪ್ಪಾ. ಎಂಜಿನ್ ಎಷ್ಟು ತಗ್ಗಿಸಿದ್ರೂ ನಿಲ್ಲಲ್ಲ, ವಾಪಸ್ ಮೇಲಕ್ಕೇ ಹೋಗ್ಬಿಡತ್ತೆ. ವೇಗ ಸೊನ್ನೆ ಆಗೋದೂ ಕಾಲು ನೆಲಕ್ಕೆ ತಾಗೋದೂ ಒಟ್ಟಿಗೇ ಆಗ್ಬೇಕು" ಅಂದಿದ್ದೆ. ನಮ್ಮ ಕೆ.ಆರ್. ಪುರದ ಬಸ್ಸು ಒಮ್ಮೆಯಾದರೂ ನಿಲ್ದಾಣದ ಎದುರಿಗೇ ನಿಂತದ್ದನ್ನು ಕಂಡ ನೆನಪು ನನಗಿಲ್ಲ. ಆಕಾಶದಿಂದ ಬೀಳುವುದನ್ನು ನೀವು ಗೆರೆ ಎಳೆದ ವೃತ್ತದೊಳಗೆ ನಿಲ್ಲಿಸುತ್ತೀರಿ.

ಇಷ್ಟೆಲ್ಲ ಬಲ್ಲವರಿಗೆ ನಾಲ್ಕು ಬೋಲ್ಟು ಬಿಚ್ಚಿ ನೋಡಲು ಪುರುಸೊತ್ತಿಲ್ಲವೆಂದರೆ ಸಿಟ್ಟು ಬರುವುದಿಲ್ಲವೇ? ನಮ್ಮ ಬೀದಿಯ ಹಿಂದಿನ ರಾಜಕಾಲುವೆ ಮುಚ್ಚಿ ಮನೆ ಕಟ್ಟಿದಾಗಲೂ, ತಡೆಯಲು ಹೋದ ನನಗೆ, "ಏನೂ ಆಗಲ್ಲ ಬಿಡಿ ಸಾರ್, ನೀವೊಬ್ರೇ ಬುದ್ಧಿವಂತ್ರಾ?" ಎಂದಿದ್ದರು. ಇವತ್ತಿಗೂ ಮಳೆ ಬಂದರೆ ನಮ್ಮ ಜಗಲಿಯ ತನಕ ನೀರು. ನಿನ್ನ ಮೇಲಿನವರೂ ಅದೇ ಮಾತು ಹೇಳಿದರೆಂದು ಯಾಸಿರ್ ಹೇಳಿದಾಗ, ಆ ದನಿಯೇ ಕಿವಿಯಲ್ಲಿ ಕೇಳಿದಂತಾಯಿತು.

ಬುಧವಾರ ಆಯುಧಪೂಜೆ ಚೆನ್ನಾಗಿ ನಡೆಯಿತು. ಈಳಿಗೆಮಣೆ, ಕತ್ತರಿ, ನನ್ನ ಸ್ಕೂಟರು, ಎಲ್ಲವನ್ನೂ ಅಮ್ಮ ತೊಳೆದು ಅರಿಶಿನ ಕುಂಕುಮ ಇಟ್ಟಳು. ಎಲ್ಲವನ್ನೂ ಅಂದರೆ, ಎಲ್ಲವನ್ನೂ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಟ ಬಿಡಬೇಡ. ಸೋಮವಾರ ನಿನ್ನ ಮಾತೇ ಗೆಲ್ಲಲಿ ಎಂದು ನಾವಿಬ್ಬರೂ ಹಾರೈಸುತ್ತೇವೆ.

ನಿನ್ನ ಅಪ್ಪ,
ಮುನಿರಾಜಪ್ಪ

ವಿ.ಸೂ.: ಕಂಟೋನ್ಮೆಂಟ್‌ನಲ್ಲಿ ರೈಲು ಹಿಡಿಯಬೇಕೆಂದು ಯಾಸಿರ್ ಬಾಗಿಲಲ್ಲಿ ನಿಂತಿದ್ದಾನೆ, ಇನ್ನು ಮುಚ್ಚಿಟ್ಟು ಫಲವಿಲ್ಲ. ತಗಡನ್ನೂ ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದುಬಿಟ್ಟಿದ್ದಾಳೆ. "ಅಂಕಲ್, ಅದನ್ನ ತೊಳ್ದಿಲ್ಲ ತಾನೆ?" ಎಂದು ಅವನು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಮಗಳ ಆಯುಧ ಅಲ್ವೇನಪ್ಪಾ ಅದು, ಮಸಿ ಹಿಡ್ಕೊಂಡಿರೋದನ್ನ ಹೆಂಗೆ ಪೂಜೆಗಿಡ್ಲಿ?" ಎಂದು ಅಮ್ಮ ಅತ್ತಳು. ಅವಳನ್ನು ಬಯ್ಯಬೇಡ. ಮಸಿ ಒಂದು ಚೂರೂ ಉಳಿದಿಲ್ಲ. ಆದರೆ ಅದರ ಅಡಿಯಲ್ಲಿ, ಒಂದು ಬೋಲ್ಟಿನ ತೂತಿನಿಂದ ಅಂಚಿನವರೆಗೆ, ಬೆರಳಗಲದ ನೀಲಿ ಪಟ್ಟೆ ಕಾಣುತ್ತಿದೆ. ಖಾಲಿ ಸ್ಟೀಲ್ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಬರುತ್ತದಲ್ಲ, ಅಂಥ ನೀಲಿ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲವೆಂದು ಅಮ್ಮ ಹಬ್ಬದ ದಿನವೇ ಗೊಣಗಿದ್ದಳು. ಇದರಿಂದ ನಿನಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನನಗೆ ತಿಳಿಯುತ್ತಿಲ್ಲ. ಯಾಸಿರ್ ಅದನ್ನು ಬೆಳಕಿಗೆ ಹಿಡಿದು, ತೂತಿನಿಂದ ಅಂಚಿನವರೆಗೆ ಪಟ್ಟೆಯುದ್ದಕ್ಕೂ ಬೆರಳಾಡಿಸಿ ನೋಡಿದ. ತನ್ನ ಸ್ವೆಟರಿನಲ್ಲಿ ಸುತ್ತಿಕೊಂಡು, ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟ.